ಮುಖ ನೋಡಿ ಆಡಿದ ಮಾತು

ಸಂವಹನ ಶಾಸ್ತ್ರದಲ್ಲಿ ಬಿ.ಎ. ಮಾಡಿದವನು ನಮ್ಮೂರಿನಲ್ಲಿ ನಾನೊಬ್ಬನೇ ಅಲ್ಲ, ಇನ್ನೂ ಹತ್ತು ಜನ ಇದ್ದಾರೆ. ಆದರೆ ಆ ಹತ್ತು ಜನ ಪಾಠ ಕೇಳಿ ಪಾಸಾದವರು. ಮೂರು ವರ್ಷ ಕ್ಲಾಸು ತಪ್ಪಿಸದೆ, ಮುಂದಿನ ಬೆಂಚಿನಲ್ಲಿ ಮೇಷ್ಟ್ರ ಎದುರಿಗೇ ಕೂತು, ಪಾಠ ಮಾತ್ರ ಕಿವಿಗೆ ಬೀಳದೆಯೇ ಡಿಗ್ರಿ ತೆಗೆದುಕೊಂಡವನು ನಾನೊಬ್ಬನೇ. ಇದರಲ್ಲಿ ನನ್ನ ದಡ್ಡತನದ ಪಾಲೆಷ್ಟು, ಊರಿನ ಪಾಲೆಷ್ಟು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ನಮ್ಮೂರಿನಲ್ಲಿ ಮುಖ ನೋಡಿ ಆಡಿದ ಮಾತು ಆ ಮುಖದವರಿಗೆ ಕೇಳಿಸುವುದಿಲ್ಲ. ಪಕ್ಕದಲ್ಲಿದ್ದವರಿಗೆ ಕೇಳಿಸುತ್ತದೆ, ಬೀದಿಯಲ್ಲಿ ಹೋಗುವವರಿಗೂ ಕೇಳಿಸುತ್ತದೆ. ಯಾರ ಮುಖ ನೋಡಿ ಹೇಳಿದಿರೋ ಅವರೊಬ್ಬರಿಗೆ ಇಲ್ಲ. ಹಾಗಾಗಿ ನಾವು ಬೇರೆ ಏನನ್ನಾದರೂ ನೋಡುತ್ತಾ ಮಾತಾಡುತ್ತೇವೆ. ಅಮ್ಮ ಸಾರಿನ ಪಾತ್ರೆ ನೋಡಿಕೊಂಡು "ಇವನಿಗೆ ಇನ್ನೊಂದು ಮುದ್ದೆ ಬೇಕೇನೋ" ಅನ್ನುತ್ತಾಳೆ. ನಾನು ನೀರಿನ ಲೋಟ ನೋಡಿಕೊಂಡು "ಬೇಡ" ಅನ್ನುತ್ತೇನೆ. ದಿನಸಿ ಅಂಗಡಿಯಲ್ಲಿ ಗಿರಾಕಿಯ ಕಣ್ಣು ತಕ್ಕಡಿಯ ಮೇಲೆ, ಅಂಗಡಿಯವನ ಕಣ್ಣು ಸಕ್ಕರೆ ಮೂಟೆಯ ಮೇಲೆ. ವ್ಯಾಪಾರ ಚೆನ್ನಾಗಿಯೇ ನಡೆಯುತ್ತದೆ. ಬೈಯುವುದಕ್ಕೆ ಮಾತ್ರ ಮುಖ ನೋಡುತ್ತೇವೆ. ಅತ್ತೆಯ ಮುಖ ನೋಡಿ ಮನಸಾರೆ ಬೈದು, ಹಗುರಾಗಿ, ಆಮೇಲೆ ನಗುನಗುತ್ತಾ ಕಾಫಿ ಕೊಡುವ ಸೊಸೆಯರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಬಾಯಿ ಆಡಿದ್ದು ಕಂಡರೂ ಅತ್ತೆ ಏನೆಂದು ಕೇಳುವುದಿಲ್ಲ. ಅವಳೂ ಒಂದು ಕಾಲದಲ್ಲಿ ಸೊಸೆಯಾಗಿದ್ದವಳೇ.

ಇಂಥ ಊರಿನ ಕಾಲೇಜಿನಲ್ಲಿ ಸಂವಹನ ವಿಭಾಗ ತೆರೆಯಬೇಕೆಂದು ವಿಶ್ವವಿದ್ಯಾಲಯದವರಿಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ. ನನಗೆ ಮಾತ್ರ ಅದರಿಂದ ಉಪಕಾರವಾಯಿತು. ಪಿಯುಸಿಯಲ್ಲಿ ನಾನು ತೆಗೆದಿದ್ದ ಅಂಕ ನೋಡಿ ವಾಣಿಜ್ಯ ವಿಭಾಗದವರು ಅರ್ಜಿಯನ್ನೇ ಕೊಡಲಿಲ್ಲ. ಇತಿಹಾಸದವರು ಕೊಟ್ಟು, ಅಂಕಪಟ್ಟಿ ನೋಡಿದ ಮೇಲೆ ವಾಪಸು ಇಸಕೊಂಡರು. ಹೊಸ ವಿಭಾಗದವರು ಕರೆದು ಕೂರಿಸಿ ನೀರು ಕೊಟ್ಟರು.

ಅಪ್ಪನದು ಹಿಟ್ಟಿನ ಗಿರಣಿ. ವಿಷಯ ಕೇಳಿದ ಮೇಲೆ ಅವನು ಮೆಷಿನ್ನು ನಿಲ್ಲಿಸಿ, ಅದರ ಬೆಲ್ಟು ನೋಡುತ್ತಾ, "ಮಾತಾಡೋದನ್ನ ಮೂರು ವರ್ಷ ಕಲೀತಾನಂತೆ. ಹುಟ್ಟಿ ಎರಡು ವರ್ಷಕ್ಕೇ ಕಲ್ತಿದ್ದ. ಆಮೇಲೆ ಮರ್ತನೇನೋ" ಎಂದ.

"ಇದು ಬರೀ ಮಾತಲ್ಲಪ್ಪ, ಶಾಸ್ತ್ರ" ಎಂದು ನಾನು ಜೋಳದ ಚೀಲ ನೋಡಿಕೊಂಡು ಹೇಳಿದೆ.

"ಹಂಗಾದ್ರೆ ಶಾಸ್ತ್ರಕ್ಕೆ ಓದ್ಲಿ ಬಿಡು" ಎಂದು ಅಪ್ಪ ಮತ್ತೆ ಮೆಷಿನ್ನು ಹಾಕಿದ.

ವಿಭಾಗಕ್ಕೆ ಇದ್ದವರು ಒಬ್ಬರೇ ಮೇಷ್ಟ್ರು, ಪದ್ಮರಾಜ ಸರ್. ದೂರದ ಊರಿನವರು, ನಲವತ್ತರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಅವರು ಬಂದ ದಿನವೇ ಪ್ರಿನ್ಸಿಪಾಲರು ಮೇಜಿನ ಮೇಲಿನ ಪೇಪರ್‌ವೇಟ್ ನೋಡಿಕೊಂಡು ಊರಿನ ಸಂಗತಿಯನ್ನೆಲ್ಲ ಹೇಳಿದರಂತೆ. ಪದ್ಮರಾಜ ಸರ್ ನಂಬಲಿಲ್ಲ. ಊರಿಗೆ ಊರೇ ಸಂಕೋಚದ ರೋಗಕ್ಕೆ ಬಿದ್ದಿದೆ, ಇದಕ್ಕೆ ಔಷಧಿ ತಮ್ಮ ಬ್ಯಾಗಿನಲ್ಲಿದೆ ಅಂದುಕೊಂಡರು. ಬ್ಯಾಗಿನಲ್ಲಿದ್ದ ಪಠ್ಯಪುಸ್ತಕದ ಮೊದಲ ಅಧ್ಯಾಯವೇ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದರ ಮೇಲಿತ್ತು.

ನಮ್ಮ ಕಾಲೇಜಿನ ಬೇರೆ ಮೇಷ್ಟ್ರುಗಳೆಲ್ಲ ಕಪ್ಪುಹಲಗೆಗೆ ಪಾಠ ಮಾಡುತ್ತಾರೆ, ನಾವು ಹಿಂದಿನಿಂದ ಕೇಳಿಸಿಕೊಳ್ಳುತ್ತೇವೆ. ಪದ್ಮರಾಜ ಸರ್ ವಿದ್ಯಾರ್ಥಿಗಳಿಗೆ ಬೆನ್ನು ಹಾಕುವುದು ಅವಮಾನ ಎನ್ನುವವರು. ಅವರು ಒಂದೊಂದು ವಾಕ್ಯಕ್ಕೂ ಒಬ್ಬೊಬ್ಬರ ಮುಖ ನೋಡುತ್ತಾ, ಕ್ಲಾಸಿನ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸುತ್ತಾ ಪಾಠ ಮಾಡಿದರು. ಯಾರ ಮೇಲೆ ಕಣ್ಣು ಬಿತ್ತೋ ಅವರಿಗೆ ಆ ವಾಕ್ಯ ಹೋಯಿತು. ಒಂದು ತಿಂಗಳಾದ ಮೇಲೆ ಎಲ್ಲರ ನೋಟ್ಸೂ ಇಲಿ ಕಡಿದ ಬಟ್ಟೆಯ ಹಾಗಿತ್ತು. "ಸಂವಹನದ ಮೂರು ಮುಖ್ಯ ಅಂಗಗಳು" ಎಂದು ಬರೆದುಕೊಂಡವರ ಹತ್ತಿರ ಎರಡು ಅಂಗಗಳು ಮಾತ್ರ ಇದ್ದವು. ನನ್ನ ಹತ್ತಿರ ಒಂದೂ ಇರಲಿಲ್ಲ. ಅದಕ್ಕೆ ಕಾರಣ ಬೇರೆ, ನಾನು ಬರೆದುಕೊಳ್ಳುತ್ತಲೇ ಇರಲಿಲ್ಲ.

ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು ಕಸ್ತೂರಿ. ಅವಳ ಅಪ್ಪನಿಗೆ ಅಂಚೆ ಕಚೇರಿಯಲ್ಲಿ ಕೆಲಸ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಕೂತಿದ್ದಾಗ ಅವಳು ಬೋಂಡದ ತಟ್ಟೆ ನೋಡುತ್ತಾ ಹೇಳಿದಳು: "ಸರ್ ಕಣ್ಣು ಒಂದೇ ಕಡೆ ನಿಲ್ಲೋ ಹಾಗೆ ಮಾಡ್ಬೇಕು. ಆಗ ಉಳಿದವರಿಗಾದ್ರೂ ಪೂರ್ತಿ ಪಾಠ ಸಿಗತ್ತೆ."

"ಯಾರ ಕಡೆ ನಿಲ್ಲಿಸೋದು?" ಎಂದು ಯಾರೋ ಕೇಳಿದರು.

"ಪಾಠ ಕೇಳಿದ್ರೂ ಒಂದೇ, ಕೇಳದಿದ್ರೂ ಒಂದೇ ಅನ್ನೋರು ಯಾರಾದ್ರೂ ಇದ್ರೆ ಅವರ ಕಡೆ."

ಹತ್ತು ಜನರೂ ಬೋಂಡವನ್ನೇ ನೋಡಿದರು. ಯಾರೊಬ್ಬರೂ ನನ್ನ ಕಡೆ ನೋಡಲಿಲ್ಲ. ನಮ್ಮೂರಿನಲ್ಲಿ ಎಲ್ಲರೂ ಒಟ್ಟಿಗೇ ನನ್ನ ಕಡೆ ನೋಡದಿದ್ದರೆ ವಿಷಯ ನನ್ನದೇ ಎಂದು ಅರ್ಥ.

ನಾನು ಒಪ್ಪಿಕೊಂಡೆ. ತ್ಯಾಗ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಏನೆಂದರೆ ಕೇಳಿದವಳು ಕಸ್ತೂರಿ. ಜೊತೆಗೆ, ವಾರಕ್ಕೊಮ್ಮೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ತನ್ನ ನೋಟ್ಸನ್ನು ನನಗೆ ಓದಿ ಹೇಳುತ್ತೇನೆ ಎಂದು ಅವಳು ಮಾತು ಕೊಟ್ಟಳು.

ಮರುದಿನದಿಂದ ನಾನು ಮುಂದಿನ ಬೆಂಚಿನ ನಡುವೆ ಕೂತೆ. ಮೇಷ್ಟ್ರ ಕಣ್ಣು ಹಿಡಿದಿಡುವುದಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ತಲೆಯಾಡಿಸಿದೆ. ಏನೂ ಕೇಳಿಸದ ಮನುಷ್ಯ ಮಾಡಬಹುದಾದದ್ದು ಅದೊಂದೇ. ಆದರೆ ತಲೆಯಾಡಿಸುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿತ್ತೆಂದು ಆವತ್ತು ಗೊತ್ತಾಯಿತು. ಮೇಷ್ಟ್ರು ಹುಬ್ಬೇರಿಸಿದರೆ ನಿಧಾನಕ್ಕೆ, ಬೆರಳೆತ್ತಿದರೆ ಗಂಭೀರವಾಗಿ, ಅವರು ನಕ್ಕರೆ ಭುಜ ಸಮೇತ. ಕಷ್ಟದ ವಿಷಯ ಅನ್ನಿಸಿದಾಗ ಮೊದಲು ಸ್ವಲ್ಪ ಮುಖ ಗಂಟಿಕ್ಕಿ, ಆಮೇಲೆ ಹೊಳೆದವನ ಹಾಗೆ ತಲೆಯಾಡಿಸುತ್ತಿದ್ದೆ. ಒಂದು ವಾರದಲ್ಲಿ ಪದ್ಮರಾಜ ಸರ್ ಬೇರೆ ಯಾರನ್ನೂ ನೋಡುವುದು ಬಿಟ್ಟರು. ನನ್ನ ಹಿಂದೆ ಹತ್ತು ಪೆನ್ನುಗಳು ಸರಸರನೆ ಓಡತೊಡಗಿದವು.

ಹೀಗೆ ನಾನು ಅವರ ಅಚ್ಚುಮೆಚ್ಚಿನ ಶಿಷ್ಯನಾದೆ. ಕಾರಿಡಾರಿನಲ್ಲಿ ಸಿಕ್ಕರೆ ನಿಲ್ಲಿಸಿ ಮುಖ ನೋಡಿ ಏನೋ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ, ಅವರು ಖುಷಿಯಾಗಿ ಹೋಗುತ್ತಿದ್ದರು. ಕಸ್ತೂರಿ ಮಾತು ಕೊಟ್ಟಂತೆ ಮೆಟ್ಟಿಲ ಮೇಲೆ ಕೂತು ನೋಟ್ಸು ಓದುತ್ತಿದ್ದಳು. ಅವಳ ಕಣ್ಣು ಪುಸ್ತಕದ ಮೇಲಿರುತ್ತಿದ್ದುದರಿಂದ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ನನ್ನ ಗಮನ ಅವಳ ದನಿಯ ಮೇಲಿರುತ್ತಿತ್ತೇ ಹೊರತು ಅದು ಹೇಳುತ್ತಿದ್ದುದರ ಮೇಲೆ ಅಲ್ಲ. ಕೊನೆಗೆ ಅವಳು ಪೆನ್ನಿನ ಕ್ಯಾಪು ನೋಡಿ, "ಅರ್ಥ ಆಯ್ತಾ ತಿಪ್ಪೇಶಂಗೆ?" ಎಂದು ಕೇಳಿದರೆ ಅಲ್ಲಿಯೂ ತಲೆಯಾಡಿಸುತ್ತಿದ್ದೆ. ಅಷ್ಟು ಹೊತ್ತಿಗೆ ಅದು ಚಟವಾಗಿತ್ತು.

ಎರಡನೇ ವರ್ಷ ಪದ್ಮರಾಜ ಸರ್ ಹತ್ತಿಪ್ಪತ್ತು ದಿನ ರಜೆಯ ಮೇಲೆ ಹೋದರು. ವಾಪಸು ಬಂದ ದಿನ ಕ್ಲಾಸಿಗೆ ಬಂದು, ಪುಸ್ತಕ ತೆರೆಯದೆ, ನನ್ನ ಮುಖ ನೋಡಿ ಮಾತಾಡತೊಡಗಿದರು. ಊರಿಗೆ ಹೋಗಿ ಬಂದವರು ಊರಿನ ಸಮಾಚಾರ ಹೇಳುತ್ತಿದ್ದಾರೆ ಅಂದುಕೊಂಡೆ. ಬಹಳ ದಿನದ ಮೇಲೆ ನೋಡಿದ ಸಂತೋಷವೂ ನನಗಿತ್ತು. ಹಲ್ಲು ಕಾಣುವ ಹಾಗೆ ನಕ್ಕು, ಭುಜ ಸಮೇತ ತಲೆಯಾಡಿಸಿದೆ. ಮೇಷ್ಟ್ರು ಮಾತು ನಿಲ್ಲಿಸಿದರು. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಹಿಂದೆ ಪೆನ್ನಿನ ಸದ್ದೇ ಇರಲಿಲ್ಲ. ಆಮೇಲೆ ಅವರೂ ಸಣ್ಣಗೆ ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡು, ಪುಸ್ತಕ ತೆರೆದರು.

ಕ್ಲಾಸು ಮುಗಿದ ಮೇಲೆ ಕಸ್ತೂರಿ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು. ಕಂಬಿಯನ್ನೇ ನೋಡುತ್ತಾ ಹೇಳಿದಳು: "ಅವರಮ್ಮ ತೀರಿಕೊಂಡ್ರಂತೆ. ಇವರು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತಂತೆ. ಅದನ್ನ ಹೇಳ್ತಿದ್ರು. ತಿಪ್ಪೇಶ ಹಲ್ಲು ಬಿಟ್ಟ."

ಆ ದಿನ ನನಗೆ ಊಟ ಸೇರಲಿಲ್ಲ. ಸಂಜೆ ಸೇರಿತು, ಆದರೆ ಮಧ್ಯಾಹ್ನ ನಿಜಕ್ಕೂ ಸೇರಲಿಲ್ಲ. ಕ್ಷಮೆ ಕೇಳೋಣವೆಂದು ಸ್ಟಾಫ್ ರೂಮಿನ ಬಾಗಿಲವರೆಗೆ ಹೋದೆ. ಕ್ಷಮೆ ಕೇಳಬೇಕಾದರೆ ಏನೂ ಕೇಳಿಸಿರಲಿಲ್ಲ ಎಂದು ಹೇಳಬೇಕು. ಹಾಗೆ ಹೇಳಿದರೆ ಅವರು ನನ್ನನ್ನು ನೋಡುವುದು ಬಿಡುತ್ತಾರೆ, ಉಳಿದವರ ನೋಟ್ಸು ಮತ್ತೆ ಇಲಿ ಕಡಿದ ಬಟ್ಟೆಯಾಗುತ್ತದೆ. ಎರಡು ವಾಕ್ಯ ಹೇಗೆ ಹೇಳಬೇಕೆಂದು ತಿಳಿಯದೆ ಸಂವಹನ ವಿಭಾಗದ ಅತ್ಯುತ್ತಮ ವಿದ್ಯಾರ್ಥಿ ಬಾಗಿಲಿನಿಂದಲೇ ವಾಪಸು ಬಂದ.

ಕೊನೆಯ ವರ್ಷ ವಿಶ್ವವಿದ್ಯಾಲಯದಿಂದ ಪರಿಶೀಲನೆಗೆ ಮೂವರ ಸಮಿತಿ ಬಂತು. ವಿಭಾಗ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ. ಮೂವರೂ ಹೊರಗಿನವರಾದ್ದರಿಂದ ಬೆಳಗಿನಿಂದಲೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡಿ, ಯಾರಿಗೆ ಹೇಳಿದರೋ ಅವರಿಗೇ ಕೇಳಿಸದೆ, ಮಧ್ಯಾಹ್ನದ ಹೊತ್ತಿಗೆ ಮೂವರಿಗೂ ಮೂವರ ಮೇಲೆ ಸಿಟ್ಟು ಬಂದಿತ್ತು. ಪ್ರಿನ್ಸಿಪಾಲರು ಪೇಪರ್‌ವೇಟನ್ನು ಅವರ ಮುಂದಿಟ್ಟು ಊರಿನ ಸಂಗತಿ ವಿವರಿಸಿದರಂತೆ. ಈ ಮನುಷ್ಯ ತಮ್ಮ ಕಡೆ ನೋಡುವ ಸೌಜನ್ಯವನ್ನೂ ತೋರಿಸಲಿಲ್ಲ ಎಂದು ಅವರು ಬೇಸರ ಮಾಡಿಕೊಂಡರಂತೆ.

ನಮ್ಮ ಕ್ಲಾಸಿಗೆ ಬಂದಾಗ ಪದ್ಮರಾಜ ಸರ್ ಕೈ ತೋರಿಸಿ ನನ್ನನ್ನು ಎಬ್ಬಿಸಿದರು. ಅವರ ಮುಖದಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ, ನನ್ನ ಬಗ್ಗೆ ಯಾರಿಗೂ, ನನಗಂತೂ ಎಂದೂ, ಅಷ್ಟು ಹೆಮ್ಮೆಯಾದದ್ದಿಲ್ಲ. ಸಮಿತಿಯ ಅಧ್ಯಕ್ಷೆ ನನ್ನನ್ನು ನೇರವಾಗಿ ನೋಡಿ ಏನೋ ಕೇಳಿದರು. ತುಟಿ ಆಡಿದ್ದು ಮಾತ್ರ ಕಂಡಿತು. ಪರಿಶೀಲನೆಗೆ ಬಂದವರೆಲ್ಲ ಏನಾದರೂ ತೊಂದರೆ ಇದೆಯೇ ಎಂದೇ ಕೇಳುತ್ತಾರೆ, ಇಲ್ಲ ಎನ್ನಬೇಕು ಎಂದು ಪ್ರಿನ್ಸಿಪಾಲರು ಹಿಂದಿನ ದಿನ ನಮ್ಮ ಕಪ್ಪುಹಲಗೆಗೆ ಹೇಳಿ ಹೋಗಿದ್ದರು. ನಾನು ನನ್ನ ಚಪ್ಪಲಿ ನೋಡಿಕೊಂಡು, ಗಟ್ಟಿಯಾಗಿ, "ಏನೂ ಇಲ್ಲ ಮೇಡಂ" ಎಂದೆ.

ಅವರು ಮತ್ತೇನೋ ಕೇಳಿದರು.

"ನಿಜವಾಗಿಯೂ ಏನೂ ಇಲ್ಲ ಮೇಡಂ. ಬೇಕಾದರೆ ಎಲ್ಲರನ್ನೂ ಕೇಳಿ ನೋಡಿ. ಇದೆಲ್ಲಾ ನಮ್ಮ ಸರ್ ಅವರಿಂದಲೇ."

ನಮ್ಮೂರಿಗೆ ಕಾಲಿಟ್ಟ ಮೇಲೆ ಸಮಿತಿಯವರಿಗೆ ಸ್ಪಷ್ಟವಾಗಿ ಕೇಳಿಸಿದ ಕೆಲವೇ ಮಾತುಗಳಲ್ಲಿ ಇವು ಸೇರಿದ್ದವು. ಅಧ್ಯಕ್ಷೆಯ ಮೊದಲ ಪ್ರಶ್ನೆ, "ಈ ಮೂರು ವರ್ಷದಲ್ಲಿ ನೀವು ಕಲಿತದ್ದೇನು?" ಎರಡನೆಯದು, "ಏನೂ ಇಲ್ಲ ಅಂದರೆ ಹೇಗೆ? ಸ್ವಲ್ಪವೂ ಕಲಿತಿಲ್ಲವೇ?" ಇದನ್ನೆಲ್ಲ ಆಮೇಲೆ ಕಸ್ತೂರಿ ಹೇಳಿದ್ದು. ಅವಳು ಎದ್ದು ನಿಂತು, ಡಸ್ಟರ್ ಮೇಲೆ ಕಣ್ಣಿಟ್ಟು, ಮೂರು ವರ್ಷದ ಪಾಠವನ್ನು ಒಂದು ಕಡೆಯಿಂದ ಹೇಳಿ ರಿಪೇರಿ ಮಾಡಲು ನೋಡಿದಳು. ಸಮಿತಿಯವರು ಅವಳು ಹೇಳಿದ್ದನ್ನು ಗಮನಿಸಲಿಲ್ಲ, ಅವಳು ನೋಡದ್ದನ್ನು ಗಮನಿಸಿದರು. ಮುಖ ಎತ್ತಿ ಮಾತಾಡಲೂ ಬಾರದ ಸಂವಹನ ವಿದ್ಯಾರ್ಥಿಗಳು ಎಂದು ವರದಿಯಲ್ಲಿ ಬರೆದರು. ನಮ್ಮ ತಂಡದ ಪರೀಕ್ಷೆ ಮುಗಿದೊಡನೆ ವಿಭಾಗ ಮುಚ್ಚಬೇಕೆಂದು ಆದೇಶ ಬಂತು. ಪದ್ಮರಾಜ ಸರ್ ಅವರ ಕೆಲಸವೂ ಅದರ ಜೊತೆಗೇ ಹೋಯಿತು.

ಕ್ಲಾಸಿನವರು ಒಬ್ಬೊಬ್ಬರಾಗಿ ಬಂದು ನನ್ನ ಮುಖ ನೋಡಿ ತುಟಿ ಆಡಿಸಿ ಹೋದರು. ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಕಸ್ತೂರಿ ಮಾತ್ರ ಬರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರ ಬಾಡಿಗೆ ಕೋಣೆಗೆ ಹೋದೆ. ಅವರು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ನನ್ನನ್ನು ಕಂಡು, ಮುಖ ನೋಡಿ, ಕುರ್ಚಿ ತೋರಿಸಿ ಏನೋ ಹೇಳಿದರು. ನನ್ನ ತಲೆ ತಾನಾಗಿಯೇ ಆಡಿತು. ಅದನ್ನು ನಿಲ್ಲಿಸಿ, ಪೆಟ್ಟಿಗೆ ನೋಡಿಕೊಂಡು ಹೇಳಿದೆ:

"ಸರ್, ನನಗೆ ನಿಮ್ಮ ಪಾಠ ಕೇಳಿಸ್ತಾ ಇರಲಿಲ್ಲ. ನೀವು ನನ್ನನ್ನೇ ನೋಡ್ತಿದ್ರಿ. ಬೇಕು ಅಂತಲೇ ಕ್ಲಾಸಿನವರು ನನ್ನನ್ನ ಮುಂದೆ ಕೂರಿಸಿದ್ರು. ಅಮ್ಮನ ವಿಷಯ ಹೇಳಿದ ದಿನವೂ ಕೇಳಿಸಿರಲಿಲ್ಲ. ಸಮಿತಿಯವರದ್ದೂ ಕೇಳಿಸಲಿಲ್ಲ. ನನ್ನಿಂದ ನಿಮ್ಮ ಕೆಲಸ ಹೋಯ್ತು."

ಮೇಷ್ಟ್ರು ಕೈಯಲ್ಲಿದ್ದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟರು. ಕಿಟಕಿಯ ಹತ್ತಿರ ಹೋಗಿ, ನನಗೆ ಬೆನ್ನು ಹಾಕಿ, ಹೊರಗೆ ನೋಡುತ್ತಾ ನಿಂತರು. ಅವರು ಬೆನ್ನು ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಅವರ ದನಿ ಕೇಳಿಸಿತು. ಅದು ಹೇಗಿದೆಯೆಂದೇ ನನಗೆ ಮರೆತುಹೋಗಿತ್ತು. ಮೆತ್ತಗಿನ, ಸ್ವಲ್ಪ ಗೊಗ್ಗರು ದನಿ.

"ಗೊತ್ತಿತ್ತು ತಿಪ್ಪೇಶ್. ನೀನು ಮುಂದೆ ಬಂದು ಕೂತ ದಿನವೇ ಹಿಂದಿನವರ ಪೆನ್ನು ಓಡೋಕೆ ಶುರುವಾಯ್ತು. ಪ್ರಿನ್ಸಿಪಾಲರು ಹೇಳಿದ್ದು ನಿಜ ಅಂತ ಆವತ್ತೇ ನಂಬಿದೆ."

"ಮತ್ತೆ ಬೋರ್ಡು ನೋಡ್ಕೊಂಡು ಪಾಠ ಮಾಡಬಹುದಿತ್ತಲ್ಲ ಸರ್?"

"ಮಾಡಬಹುದಿತ್ತು. ಎಲ್ಲರಿಗೂ ಕೇಳಿಸ್ತಿತ್ತು, ನಿನಗೂ." ಅವರು ಕಿಟಕಿಯ ಸರಳು ಹಿಡಿದುಕೊಂಡರು. "ಈ ಮನೆಯ ಓನರು ನನ್ನ ಜೊತೆ ಮಾತಾಡುವಾಗ ನಲ್ಲಿ ನೋಡ್ತಾರೆ. ಹೋಟೆಲಿನವನು ಸೌಟು ನೋಡ್ತಾನೆ. ಅಮ್ಮ ಹೋದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಬಂದು ನನ್ನ ಚಪ್ಪಲಿಗೆ ಸಮಾಧಾನ ಹೇಳಿದ್ರು. ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದ್ರೆ ಊರಿಗೆ ಬಂದಾಗಿನಿಂದ ನನ್ನ ಮುಖ ನೋಡಿದವನು ನೀನೊಬ್ಬನೇ. ಸಮಿತಿಯವರ ಮುಂದೆ ನಿನ್ನನ್ನೇ ಎಬ್ಬಿಸಿದ್ದೂ ಅದಕ್ಕೇ. ಆವತ್ತು ನೀನು ಹಲ್ಲು ಬಿಟ್ಟು ನಕ್ಕೆ ನೋಡು, ಎಷ್ಟೋ ದಿನದ ಮೇಲೆ ಆವತ್ತು ರಾತ್ರಿ ನಿದ್ದೆ ಬಂತು."

ನಾನು ಪೆಟ್ಟಿಗೆಯ ಅಂಚು ಕೆರೆಯುತ್ತಾ ಕೂತೆ.

"ನಿನ್ನ ಪಾಠ ಹೋಯಿತಲ್ಲ ಅಂತ ನನಗೂ ಮೊದಮೊದಲು ಅನ್ನಿಸ್ತಿತ್ತು" ಎಂದು ಅವರು ಕಿಟಕಿಯ ಆಚೆ ನೋಡುತ್ತಲೇ ಹೇಳಿದರು. "ಮೊದಲ ಕಿರುಪರೀಕ್ಷೆಯಲ್ಲಿ ನಿನ್ನ ಉತ್ತರಪತ್ರಿಕೆ ನೋಡಿದೆ. ಕೇಳಿಸಿದ್ರೂ ವಿಶೇಷ ವ್ಯತ್ಯಾಸ ಆಗ್ತಿರಲಿಲ್ಲ ಅನ್ನಿಸಿತು. ಆಮೇಲೆ ಸಮಾಧಾನವಾಗಿ ನಿನ್ನನ್ನೇ ನೋಡಿದೆ."

ಇಬ್ಬರೂ ನಕ್ಕೆವು. ಅವರು ತಿರುಗಿ ನನ್ನ ಮುಖ ನೋಡಿ ಮತ್ತೇನೋ ಹೇಳಿದರು. ಏನೆಂದು ನಾನು ಕೇಳಲಿಲ್ಲ. ಅವರಿಗೂ ನನಗೆ ಕೇಳಿಸುವುದು ಬೇಕಿರಲಿಲ್ಲ ಅನ್ನಿಸಿತು. ಪೆಟ್ಟಿಗೆಗಳಿಗೆ ಹಗ್ಗ ಕಟ್ಟಿ ಬಸ್ಸಿಗೆ ಹಾಕಿ ಬಂದೆ. ಈಗ ಅವರು ಎಲ್ಲೋ ದೂರದ ಊರಿನಲ್ಲಿ, ಎಲ್ಲರೂ ಮುಖ ನೋಡಿ ಮಾತಾಡುವ ಕಾಲೇಜಿನಲ್ಲಿದ್ದಾರೆ. ಅಲ್ಲಿಯ ಹುಡುಗರಿಗೆ ಎಲ್ಲವೂ ಕೇಳಿಸುತ್ತದಂತೆ, ಆದರೆ ಯಾರೂ ಕೇಳುವುದಿಲ್ಲವಂತೆ.

ಫಲಿತಾಂಶ ಬಂತು. ಹತ್ತು ಜನರಿಗೆ ಪ್ರಥಮ ದರ್ಜೆ, ಅವರಲ್ಲಿ ಕಸ್ತೂರಿಗೆ ರ‍್ಯಾಂಕು, ನನಗೆ ಪಾಸು. ಒಂದು ವರ್ಷ ಗಿರಣಿಯಲ್ಲಿ ಕೂತೆ. ಕಸ್ತೂರಿಗೆ ಪುರಸಭೆಯಲ್ಲಿ ಕೆಲಸ ಸಿಕ್ಕಿತು, ಸಭೆ ಸಮಾರಂಭಗಳ ಜವಾಬ್ದಾರಿ ಅವಳದು. ಸಭೆಗಳಿಗೆ ಬರುವ ಹೊರಗಿನ ಭಾಷಣಕಾರರು ಜನರ ಮೇಲೆ ಕಣ್ಣು ಹಾಯಿಸುತ್ತಾ ಮಾತಾಡುತ್ತಿದ್ದರು, ಜನರಿಗೆ ಅರ್ಧಂಬರ್ಧ ಕೇಳಿಸುತ್ತಿತ್ತು. ಒಂದು ದಿನ ಅವಳು ಗಿರಣಿಗೆ ಬಂದು, ಹಿಟ್ಟಿನ ಡಬ್ಬ ಕೆಳಗಿಟ್ಟು, ಅದನ್ನೇ ನೋಡುತ್ತಾ, "ನಾಳೆ ಸಭೆ ಇದೆ. ಮುಂದಿನ ಕುರ್ಚಿ ಖಾಲಿ ಇದೆ" ಎಂದಳು.

ಅಂದಿನಿಂದ ಅದೇ ನನ್ನ ಉದ್ಯೋಗ. ಉದ್ಘಾಟನೆ, ಬೀಳ್ಕೊಡುಗೆ, ಮದುವೆಯ ಆಶೀರ್ವಚನ, ಎಲ್ಲಿ ಹೊರಗಿನವರು ಮಾತಾಡುತ್ತಾರೋ ಅಲ್ಲಿ ಮುಂದಿನ ಕುರ್ಚಿಯಲ್ಲಿ ನಾನು. ಅವರು ನನ್ನನ್ನೇ ನೋಡುತ್ತಾ ಮಾತಾಡುತ್ತಾರೆ, ಊರಿಗೆಲ್ಲ ಕೇಳಿಸುತ್ತದೆ. ಊರಿನಲ್ಲಿ ಅತಿ ಹೆಚ್ಚು ಭಾಷಣಗಳಿಗೆ ಹೋದವನೂ ನಾನೇ, ಒಂದನ್ನೂ ಕೇಳದವನೂ ನಾನೇ. ಸಂವಹನ ತಜ್ಞ ಎಂದು ಕಾರ್ಡು ಹಾಕಿಸಿಕೊಂಡಿದ್ದೇನೆ. "ಸುಮ್ನೆ ಕೂರೋಕೂ ಡಿಗ್ರಿ ಬೇಕಾಯ್ತು" ಎಂದು ಅಪ್ಪ ಬೆಲ್ಟಿಗೆ ಹೇಳಿದ. ಆದರೆ ಆ ಕಾರ್ಡನ್ನು ಗಿರಣಿಯ ಗೋಡೆಗೆ ಅಂಟಿಸಿದವನೂ ಅವನೇ.

ಹೋದ ತಿಂಗಳು ಒಂದು ಸಭೆ ಮುಗಿದ ಮೇಲೆ ನಾನೂ ಕಸ್ತೂರಿಯೂ ಪುರಸಭೆ ಎದುರಿನ ಚಹಾದಂಗಡಿಯಲ್ಲಿ ನಿಂತಿದ್ದೆವು. ಅಂಗಡಿಯ ಬಾಬಾಜಾನ್ ಅಣ್ಣ ಇಬ್ಬರಿಗೂ ಲೋಟ ಕೊಟ್ಟು ಮತ್ತೆ ಸೋಸತೊಡಗಿದ. ಕಸ್ತೂರಿ ಒಂದು ಗುಟುಕು ಕುಡಿದಳು. ಲೋಟ ಕೆಳಗಿಟ್ಟಳು. ಮುಖ ಎತ್ತಿ ನನ್ನ ಮುಖ ನೋಡಿದಳು.

ಅವಳು ಹಾಗೆ ಯಾವತ್ತೂ ನೋಡಿರಲಿಲ್ಲ. ಅವಳ ತುಟಿ ಆಡತೊಡಗಿತು. ಬಹಳ ಹೊತ್ತು ಆಡಿತು. ನಡುವೆ ಹುಬ್ಬು ಗಂಟಿಕ್ಕಿತು, ಬಿಡಿಸಿಕೊಂಡಿತು. ಒಂದು ಸಲ ಅವಳ ಕಣ್ಣಲ್ಲಿ ನೀರು ಬಂದ ಹಾಗಾಯಿತು, ಮತ್ತೆ ನಕ್ಕಳು. ನನ್ನ ತಲೆ ಅಭ್ಯಾಸ ಬಲದಿಂದ ಆಡಲು ಹೊರಟಿತು. ಕೈಯಿಂದ ಗದ್ದ ಹಿಡಿದು ನಿಲ್ಲಿಸಿದೆ. ಬಾಬಾಜಾನ್ ಅಣ್ಣನ ಕೈಯಲ್ಲಿ ಸೋಸುತ್ತಿದ್ದ ಚಹಾ ಲೋಟ ತುಂಬಿ ಹಲಗೆಯ ಮೇಲೆ ಹರಿಯುತ್ತಿತ್ತು.

ಅವಳು ಮುಗಿಸಿ ಲೋಟ ಎತ್ತಿಕೊಂಡ ಮೇಲೆ ನಾನು ಬಿಸ್ಕತ್ತಿನ ಭರಣಿ ನೋಡುತ್ತಾ ಕೇಳಿದೆ: "ಬಾಬಣ್ಣ, ಕೇಳಿಸ್ತಾ?"

"ಅಷ್ಟೂ ಕೇಳಿಸ್ತು" ಎಂದ ಅವನು, ಸ್ಟವ್ ನೋಡುತ್ತಾ.

"ಏನಂದಳು?"

"ಹೇಳಬಾರದು ಬಾಬಣ್ಣ" ಎಂದು ಕಸ್ತೂರಿ ಲೋಟದೊಳಗೆ ನೋಡಿಕೊಂಡು ಹೇಳಿದಳು.

"ನಾನ್ಯಾಕಮ್ಮ ಹೇಳ್ಲಿ. ಅರ್ಧ ಬೈಗುಳ ಇತ್ತು, ಇನ್ನರ್ಧ ಬೇರೆ ಇತ್ತು. ಬೇರೆಯದ್ದಕ್ಕೆ ಉತ್ತರ ಕೊಡ್ಬೇಕು. ಅಷ್ಟು ಮಾತ್ರ ಹೇಳ್ತೀನಿ."

ನಾನು ತಿರುಗಿ ಅವಳ ಮುಖ ನೋಡಿದೆ. ಎಡ ಹುಬ್ಬಿನ ಕೆಳಗೆ ಸಣ್ಣದೊಂದು ಗಾಯದ ಕಲೆ ಇದೆಯೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಆ ಮುಖಕ್ಕೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ತೊದಲಿದೆ, ಹಿಂದೆ ಮುಂದೆ ಮಾಡಿದೆ, ಹೇಳಿದ್ದನ್ನೇ ಮತ್ತೆ ಹೇಳಿದೆ, ನಡುವೆ ಸಂಬಂಧವಿಲ್ಲದೆ ಗಿರಣಿಯ ವಿಷಯವೂ ಬಂತು. ಅವಳು ಕಣ್ಣು ಕೀಳದೆ ನನ್ನನ್ನು ನೋಡುತ್ತಾ ನಿಂತಿದ್ದಳು. ಅವಳಿಗೆ ಒಂದಕ್ಷರವೂ ಕೇಳಿಸುವಂತಿರಲಿಲ್ಲ. ಮುಗಿಸಿದಾಗ ನನ್ನ ಬೆನ್ನೆಲ್ಲ ಬೆವರಿತ್ತು.

ಬಾಬಾಜಾನ್ ಅಣ್ಣ ಬಟ್ಟೆ ತೆಗೆದುಕೊಂಡು ಹಲಗೆಯ ಮೇಲೆ ಚೆಲ್ಲಿದ್ದ ಚಹಾ ಒರೆಸುತ್ತಾ ಒರೆಸುತ್ತಾ ಹೇಳಿದ: "ಇಬ್ರೂ ಹೇಳಿದ್ದು ಒಂದೇ. ಆದ್ರೆ ಈಯಮ್ಮ ಚೆನ್ನಾಗಿ ಹೇಳಿದ್ಲು."

ಕಸ್ತೂರಿ ತನ್ನ ಚಹಾ ಮುಗಿಸಿದಳು. ಆಮೇಲೆ ನನ್ನ ಲೋಟದ ಕಡೆ ನೋಡಿ, "ಆರಿಹೋಗತ್ತೆ, ಕುಡಿಯೋಕೆ ಹೇಳಿ ಬಾಬಣ್ಣ" ಎಂದಳು.